ಭೀಮನ ಗದೆ ಎಷ್ಟು ಭಾರ?

ಭೀಮನ ಗದೆಯ ತೂಕ ಎಷ್ಟಿರಬಹುದು? ಪ್ರಶ್ನೆ ಪುರಾಣಕ್ಕೆ ಸೇರಿದ್ದಲ್ಲ, ಗಣಿತಕ್ಕೆ ಸೇರಿದ್ದು. ಕ್ಯಾಲೆಂಡರಿನ ಚಿತ್ರಗಳಲ್ಲಿ, ಪೌರಾಣಿಕ ಸಿನಿಮಾಗಳಲ್ಲಿ ನಾವು ನೋಡುವ ಗದೆಯ ತಲೆ ಹೆಚ್ಚು ಕಡಿಮೆ ಒಂದು ಫುಟ್‌ಬಾಲಿನಷ್ಟು ದಪ್ಪ. ಲೆಕ್ಕಕ್ಕೆ ಸುಲಭವಾಗಲೆಂದು ಅದರ ವ್ಯಾಸ 24 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ಗೋಳದ ಘನಫಲದ ಸೂತ್ರ ಹೈಸ್ಕೂಲಿನ ಮಕ್ಕಳಿಗೆ ಬಾಯಿಪಾಠ: ಮೂರನೇ ನಾಲ್ಕು ಪೈ, ತ್ರಿಜ್ಯದ ಘನ. ತ್ರಿಜ್ಯ 12 ಎಂದು ಹಾಕಿ ಗುಣಿಸಿದರೆ ಸುಮಾರು 7,238 ಘನ ಸೆಂ.ಮೀ., ಅಂದರೆ ಏಳೂಕಾಲು ಲೀಟರ್ ಬರುತ್ತದೆ. ಒಂದು ಘನ ಸೆಂ.ಮೀ. ಕಬ್ಬಿಣದ ತೂಕ 7.87 ಗ್ರಾಂ. ಹಾಗಾದರೆ ಗದೆಯ ತಲೆಯೊಂದೇ ಸುಮಾರು 57 ಕೆ.ಜಿ. ಹಿಡಿಯನ್ನು ಸೇರಿಸುವ ಮೊದಲೇ ಅದು ಸಿಮೆಂಟ್ ಮೂಟೆಗಿಂತ ಭಾರ!

ಇಂಥದನ್ನು ಎತ್ತಿ ಬೀಸುವುದು ಭೀಮನಿಗೆ ಸಾಧ್ಯವಿರಬಹುದು. ಭೀಮನ ಪಾತ್ರ ಮಾಡುವವನಿಗೆ ಸಾಧ್ಯವಿಲ್ಲ. ಆದ್ದರಿಂದಲೇ ರಂಗಭೂಮಿ ಹುಟ್ಟಿದಂದಿನಿಂದ ಒಂದು ಸಮಸ್ಯೆ ಅದರ ಬೆನ್ನು ಹತ್ತಿದೆ: ಕಣ್ಣಿಗೆ ಭಾರವಾಗಿ, ಕೈಗೆ ಹಗುರವಾಗಿ ಇರುವ ಆಯುಧವನ್ನು ಮಾಡುವುದು ಹೇಗೆ?

ಈ ವಾರ ಇದನ್ನೇ ಎತ್ತಿಕೊಳ್ಳಲು ಕಾರಣವಿದೆ. ಬಸವೇಶ್ವರನಗರದ ನಮ್ಮ ಕಡೆ ಸಂಜೆ ತರಕಾರಿ ತರಲು ಹೋದಾಗ ಎಂಟನೇ ತರಗತಿಯ ಹುಡುಗನೊಬ್ಬನ ತಾಯಿ ಸಿಕ್ಕಿದರು. "ಸರ್, ಇವನು ರಜಾ ದಿನವೆಲ್ಲ ಫೋಮ್ ಕತ್ತರಿಸ್ತಾ ಕೂತಿರ್ತಾನೆ. ಅದ್ಯಾವುದೋ ಸಿನಿಮಾದ ಸುತ್ತಿಗೆಯಂತೆ. ಓದೋದು ಯಾವಾಗ? ನೀವಾದರೂ ಸ್ವಲ್ಪ ಬುದ್ಧಿ ಹೇಳಿ" ಎಂದರು. ಹುಡುಗ ಮಾಡುತ್ತಿದ್ದುದು ಥಾರ್‌ನ ಸುತ್ತಿಗೆ. 2012ರಲ್ಲಿ ಬೆಂಗಳೂರಿಗೆ 'ಕಾಮಿಕ್ ಕಾನ್' ಮೇಳ ಬಂದ ಮೇಲೆ ಮಕ್ಕಳಲ್ಲಿ, ಕಾಲೇಜು ಹುಡುಗರಲ್ಲಿ ಇಂಥ ವೇಷಭೂಷಣಗಳನ್ನು ತಾವೇ ಮಾಡಿಕೊಳ್ಳುವ ಹವ್ಯಾಸ ಬೆಳೆದಿದೆ. ಆ ತಾಯಿಯ ಆತಂಕ ಅರ್ಥವಾಗುವಂಥದೇ. ಆದರೆ ಬುದ್ಧಿ ಹೇಳುವ ಮೊದಲು ಆ ಕೆಲಸದೊಳಗೆ ಏನೇನು ಅಡಗಿದೆ ಎಂದು ನೋಡುವುದು ಒಳ್ಳೆಯದು.

ಮೊದಲಿಗೆ, ಇದು ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ನೋಡಿ. ದೂರದಿಂದ ಅಪ್ಪಟ ಬಂಗಾರ. ಹತ್ತಿರ ಹೋದರೆ ಹಗುರವಾದ ಮರ, ಅದರ ಮೇಲೆ ಬೇಗಡೆ, ನಡುನಡುವೆ ಕನ್ನಡಿ ಚೂರು. ರಾತ್ರಿಯಿಡೀ ಕುಣಿಯುವ ಕಲಾವಿದನ ಕತ್ತು ಉಳಿಯಬೇಕಾದರೆ ಹಾಗೆ ಮಾಡದೆ ಗತಿಯಿಲ್ಲ. ಮದುವೆಯ ಬಾಸಿಂಗವನ್ನು ನಮ್ಮ ಹಿರಿಯರು ಮಾಡುತ್ತಿದ್ದುದು ಬೆಂಡಿನಿಂದ. ಜೌಗು ನೆಲದಲ್ಲಿ ಬೆಳೆಯುವ ಒಂದು ಗಿಡದ ದಂಟಿನ ಬಿಳಿಯ ತಿರುಳು ಅದು. ಬ್ರಿಟಿಷ್ ಅಧಿಕಾರಿಗಳು ಬಿಸಿಲಿಗೆ ಹಾಕಿಕೊಳ್ಳುತ್ತಿದ್ದ ಸೋಲಾ ಹ್ಯಾಟು ಕೂಡ ಇದರದೇ. ಬೆಂಡಿನೊಳಗೆ ತೆಳುಗೋಡೆಯ ಕೋಶಗಳಿದ್ದು, ಅವುಗಳ ತುಂಬ ಗಾಳಿ ಇರುತ್ತದೆ. ಇಂದು ನಾವು ಫೋಮ್ ಎಂದು ಕರೆಯುವುದು ಇದನ್ನೇ. ವ್ಯತ್ಯಾಸವೆಂದರೆ ಬೆಂಡನ್ನು ಗಿಡ ಮಾಡಿತು, ಫೋಮನ್ನು ಕಾರ್ಖಾನೆ ಮಾಡಿತು.

ಕಂಪನಿ ನಾಟಕಗಳ ಕಾಲದಲ್ಲಿ ವೈಭವಕ್ಕೆ ಕೊರತೆಯಿರಲಿಲ್ಲ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ 1934ರಲ್ಲಿ 'ಕುರುಕ್ಷೇತ್ರ' ನಾಟಕವನ್ನು ಆಡಿದಾಗ ಗುಬ್ಬಿ ವೀರಣ್ಣನವರು ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರು. ಆನೆ ನಿಜವಾಗಿರಬಹುದು, ಆದರೆ ಗಟ್ಟಿ ಕಬ್ಬಿಣದ ಗದೆಯನ್ನು ಹಿಡಿದು ಯಾವ ನಟನೂ ಮಟ್ಟುಗಳನ್ನು ಹಾಡಲಾರ. ಇಂದಿಗೂ ನಮ್ಮ ಹಳ್ಳಿಗಳಲ್ಲಿ, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ 'ಕುರುಕ್ಷೇತ್ರ' ನಡೆಯುತ್ತದೆ. ಹೊರನಾಡಿನಲ್ಲೂ ಇದೇ ಕಥೆ. 2001ರಿಂದ 2003ರವರೆಗೆ ತೆರೆಕಂಡ 'ಲಾರ್ಡ್ ಆಫ್ ದ ರಿಂಗ್ಸ್' ಚಿತ್ರಗಳಿಗೆ ನ್ಯೂಜಿಲೆಂಡಿನ ವೇಟಾ ಕಾರ್ಯಾಗಾರ ಕತ್ತಿಗಳನ್ನು ಮಾಡಿಕೊಟ್ಟಿತು. ಹತ್ತಿರದ ದೃಶ್ಯಕ್ಕೆ ಉಕ್ಕಿನ ಕತ್ತಿ, ಹೊಡೆದಾಟಕ್ಕೆ ಅಲ್ಯೂಮಿನಿಯಂ, ಬೀಳುವ ಏಳುವ ಸಾಹಸಕ್ಕೆ ಮೆತ್ತನೆಯ ಯುರೆಥೇನ್. ಒಂದೇ ಕತ್ತಿಗೆ ಮೂರು ಅವತಾರ!

ಈಗ ನಮ್ಮ ಗದೆಗೆ ಬರೋಣ. ಸುತ್ತಿಗೆಗಿಂತ ಗದೆಯೇ ಮೇಲು ಎನ್ನುತ್ತೇನೆ. ಶಾಲೆಯ ವಾರ್ಷಿಕೋತ್ಸವಕ್ಕೆ ಹೇಗೂ ಬೇಕಾಗುತ್ತದೆ. ಗಣಿತವೂ ಅದರಲ್ಲಿ ಹೆಚ್ಚು.

ಯಾವ ಫೋಮ್? ಅಂಗಡಿಯಲ್ಲಿ ಕೇಳಬೇಕಾದದ್ದು ಇವಿಎ ಫೋಮ್. ಎಥಿಲೀನ್ ವಿನೈಲ್ ಅಸಿಟೇಟ್ ಎಂಬುದು ಅದರ ಪೂರ್ಣನಾಮ. ಹಗುರ ಚಪ್ಪಲಿಗಳ ಅಟ್ಟೆ, ಕೆಲವು ಯೋಗಾಭ್ಯಾಸದ ಚಾಪೆಗಳು, ಮಕ್ಕಳಿಗೆಂದು ನೆಲಕ್ಕೆ ಹಾಸುವ ಅಕ್ಷರಗಳ ಬಣ್ಣದ ಚೌಕಗಳು ಇದರವೇ. ಮನೆಯಲ್ಲಿ ತಮ್ಮನೋ ತಂಗಿಯೋ ಆಡಿ ಬಿಟ್ಟ ಅಂಥ ಚೌಕಗಳಿದ್ದರೆ ಹೊಸದು ಕೊಳ್ಳಲೇಬೇಡಿ. ಒಂದು ಘನ ಸೆಂ.ಮೀ. ಇವಿಎ ಫೋಮಿನ ತೂಕ ಸುಮಾರು 0.1 ಗ್ರಾಂ. ಅದರ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಗಾಳಿ. ನಮ್ಮ 24 ಸೆಂ.ಮೀ. ಗೋಳವನ್ನು ಒಳಗೆ ಟೊಳ್ಳಾಗಿಟ್ಟು 6 ಮಿ.ಮೀ. ದಪ್ಪದ ಹಾಳೆಯಿಂದ ಮಾಡಿದರೆ ಬೇಕಾಗುವ ಫೋಮ್ ಸುಮಾರು 1,030 ಘನ ಸೆಂ.ಮೀ. ತೂಕ ಬರೀ 100 ಗ್ರಾಂ ಚಿಲ್ಲರೆ. 57 ಕೆ.ಜಿ. ಎಲ್ಲಿ, 100 ಗ್ರಾಂ ಎಲ್ಲಿ!

ಚಪ್ಪಟೆ ಹಾಳೆಯಿಂದ ಗೋಳ ಮಾಡುವುದು ಹೇಗೆ? ಒಂದು ಚೆಂಡಿಗೆ ಕಾಗದ ಸುತ್ತಿ ನೋಡಿ. ಎಷ್ಟು ಜಾಣತನದಿಂದ ಸುತ್ತಿದರೂ ಸುಕ್ಕು ಬಿದ್ದೇ ಬೀಳುತ್ತದೆ. ಇದು ಕೈಯ ದೋಷವಲ್ಲ. ಚಪ್ಪಟೆ ಮೇಲ್ಮೈಯನ್ನು ಹಿಗ್ಗಿಸದೆ ಕುಗ್ಗಿಸದೆ ಗೋಳವಾಗಿ ಬಗ್ಗಿಸಲು ಸಾಧ್ಯವೇ ಇಲ್ಲ ಎಂಬುದು ಜರ್ಮನಿಯ ಗಣಿತಜ್ಞ ಗಾಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದ ಸಿದ್ಧವಾಗುತ್ತದೆ. ಪ್ರಪಂಚದ ನಕಾಶೆಯಲ್ಲಿ ಗ್ರೀನ್‌ಲೆಂಡ್ ಅಷ್ಟು ದೊಡ್ಡದಾಗಿ ಕಾಣುವುದಕ್ಕೂ ಮೂಲ ಕಾರಣ ಇದೇ. ಭೂಗೋಳ ಮಾಡುವವರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಕಿತ್ತಳೆ ತೊಳೆಯ ಆಕಾರದ ಪಟ್ಟಿಗಳು. ನಾವೂ ಅದನ್ನೇ ಮಾಡೋಣ.

ಗೋಳದ ಸುತ್ತಳತೆ ಪೈ ಗುಣಿಸು 24, ಅಂದರೆ 75.4 ಸೆಂ.ಮೀ. ಎಂಟು ಪಟ್ಟಿಗಳೆಂದರೆ ಪ್ರತಿ ಪಟ್ಟಿಯ ನಡು ಅಗಲ 9.4 ಸೆಂ.ಮೀ. ಮೇಲಿನ ತುದಿಯಿಂದ ಕೆಳಗಿನ ತುದಿಗೆ ಉದ್ದ ಸುತ್ತಳತೆಯ ಅರ್ಧ, 37.7 ಸೆಂ.ಮೀ. ಈ ಉದ್ದವನ್ನು ಆರು ಸಮಭಾಗ ಮಾಡಿ. ಒಂದೊಂದು ಭಾಗ 6.3 ಸೆಂ.ಮೀ. ಪ್ರತಿ ಭಾಗವೂ ಗೋಳದ ಮೇಲೆ 30 ಡಿಗ್ರಿ. ಆಯಾ ಜಾಗದ ಅಗಲವೆಂದರೆ ನಡು ಅಗಲ ಗುಣಿಸು ಆ ಅಕ್ಷಾಂಶದ ಕೊಸೈನ್. ಆದ್ದರಿಂದ ತುದಿಯಿಂದ ತುದಿಗೆ ಅಗಲಗಳು ಕ್ರಮವಾಗಿ 0, 4.7, 8.2, 9.4, 8.2, 4.7, 0. ಈ ಏಳು ಅಳತೆಗಳನ್ನು ದಪ್ಪ ರಟ್ಟಿನ ಮೇಲೆ ನಡುಗೆರೆಯ ಎರಡೂ ಪಕ್ಕ ಅರ್ಧರ್ಧ ಗುರುತಿಸಿ, ನಯವಾದ ವಕ್ರರೇಖೆಯಿಂದ ಸೇರಿಸಿ ಕತ್ತರಿಸಿದರೆ ಅಚ್ಚು ಸಿದ್ಧ. 'ತ್ರಿಕೋನಮಿತಿಯಿಂದ ಜೀವನದಲ್ಲಿ ಏನು ಪ್ರಯೋಜನ ಸರ್?' ಎಂದು ಕೇಳುವ ಮಕ್ಕಳಿಗೆ ನಾನು ಕೊಡುವ ಉತ್ತರಗಳಲ್ಲಿ ಈ ರಟ್ಟಿನ ತುಂಡೂ ಒಂದು.

ಅಚ್ಚನ್ನು ಫೋಮಿನ ಮೇಲಿಟ್ಟು ಪೆನ್ನಿನಿಂದ ಎಂಟು ಸಲ ಬರೆದು ಕಟರಿನಿಂದ ಕತ್ತರಿಸಿ. ಅಲಗು ಹೊಸದಿರಲಿ. ಮೊಂಡು ಅಲಗಿಗೆ ಹೆಚ್ಚು ಒತ್ತಬೇಕಾಗುತ್ತದೆ, ಒತ್ತಿದಷ್ಟೂ ಜಾರುತ್ತದೆ; ಕೈ ಕುಯ್ದುಕೊಳ್ಳುವುದು ಹೆಚ್ಚಾಗಿ ಮೊಂಡು ಅಲಗಿನಿಂದಲೇ. ಕೆಳಗೆ ಹಲಗೆಯಿರಲಿ, ಅಲಗು ಹಿಡಿದ ಕೈಯ ದಾರಿಯಲ್ಲಿ ಇನ್ನೊಂದು ಕೈ ಬಾರದಿರಲಿ. ಹತ್ತನೇ ತರಗತಿಗಿಂತ ಚಿಕ್ಕವರು ಈ ಹಂತದಲ್ಲಿ ಅಪ್ಪನನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮುಂದಿನದು ಕಾಯಿಸುವ ಕೆಲಸ. ಬಡಗಿಗಳು, ಎಲೆಕ್ಟ್ರಿಷಿಯನ್ನರು ಬಳಸುವ ಹೀಟ್ ಗನ್ನಿನ ಬಿಸಿಗಾಳಿಯನ್ನು ಪಟ್ಟಿಯ ಮೇಲೆ ಆಡಿಸಿದರೆ ಫೋಮ್ ಮೆತ್ತಗಾಗಿ ಮೇಲ್ಮೈ ಸ್ವಲ್ಪ ಮಿರುಗುತ್ತದೆ. ತಕ್ಷಣ ಅದನ್ನು ಗುಂಡಗಿನ ಪಾತ್ರೆಯ ಬೆನ್ನಿನ ಮೇಲೆ ಒತ್ತಿ ಹಿಡಿದು ಆರಲು ಬಿಡಿ. ಹಾಗೆಯೇ ಬಾಗಿ ನಿಲ್ಲುತ್ತದೆ. ಇದೇಕೆ ಹೀಗೆ? ಇವಿಎಯ ಅಣುಗಳು ಉದ್ದನೆಯ ಸರಪಳಿಗಳು. ಅವುಗಳ ಕೆಲವು ಭಾಗಗಳು ಸ್ಫಟಿಕಗಳಂತೆ ಒತ್ತಾಗಿ ಜೋಡಿಕೊಂಡಿರುತ್ತವೆ. ಬಿಸಿಗೆ ಆ ಜೋಡಣೆ ಸಡಿಲವಾಗುತ್ತದೆ. ತಣ್ಣಗಾದಾಗ ಹೊಸ ಆಕಾರದಲ್ಲಿ ಮತ್ತೆ ಜೋಡಿಕೊಳ್ಳುತ್ತದೆ. ಆದರೆ ಅದು ಕರಗಿ ಸುರಿಯುವುದಿಲ್ಲ. ಫೋಮ್ ತಯಾರಿಸುವಾಗಲೇ ಸರಪಳಿಗಳ ನಡುವೆ ಅಡ್ಡ ಬೆಸುಗೆಗಳನ್ನು ಹಾಕಿರುತ್ತಾರೆ. ಹೀಟ್ ಗನ್ ಮಾತ್ರ ದೊಡ್ಡವರ ಕೈಯಲ್ಲಿರಲಿ. ಕೂದಲು ಒಣಗಿಸುವ ಡ್ರೈಯರಿಗೆ ಅಷ್ಟು ಶಾಖವಿಲ್ಲ. ತೆಳು ಹಾಳೆಗೆ ಸಾಕಾದೀತು. ಗ್ಯಾಸ್ ಒಲೆಯ ಜ್ವಾಲೆಗೆ ಹಿಡಿಯುವ ಯೋಚನೆಯಂತೂ ಬೇಡವೇ ಬೇಡ. ಫೋಮಿಗೆ ಬೆಂಕಿ ಹೊತ್ತಿಕೊಂಡರೆ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್‌ನಂಥ ವಿಷಾನಿಲವಿರುತ್ತದೆ.

ಅಂಟಿಸಲು ಚಪ್ಪಲಿ ಹೊಲಿಯುವವರು, ಬಡಗಿಗಳು ಬಳಸುವ ಹಳದಿ ಬಣ್ಣದ ರಬ್ಬರ್ ಅಂಟು ಉತ್ತಮ. ಎರಡೂ ಅಂಚಿಗೆ ತೆಳ್ಳಗೆ ಬಳಿದು, ಹತ್ತು ನಿಮಿಷ ಕಾದು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಅವಸರ ಮಾಡಿ ಹಸಿಯಾಗಿದ್ದಾಗಲೇ ಒತ್ತಿದರೆ ಹಿಡಿಯುವುದಿಲ್ಲ. ಆ ಹತ್ತು ನಿಮಿಷದಲ್ಲಿ ಆವಿಯಾಗಿ ಹೋಗುವುದು ಅಂಟನ್ನು ತೆಳುವಾಗಿಟ್ಟಿದ್ದ ದ್ರಾವಕ. ಟಾಲ್ವೀನ್‌ನಂಥ ಈ ದ್ರಾವಕಗಳ ಆವಿ ತಲೆಸುತ್ತು ತರಿಸುತ್ತದೆ, ನರಗಳಿಗೆ ಹಾನಿಕರ, ಕಿಡಿಗೆ ಭಗ್ಗನೆ ಹತ್ತಿಕೊಳ್ಳುತ್ತದೆ. ಆದ್ದರಿಂದ ಈ ಕೆಲಸ ತಾರಸಿಯ ಮೇಲೆ ಅಥವಾ ಗಾಳಿಯಾಡುವ ವರಾಂಡದಲ್ಲಿ ದೊಡ್ಡವರ ಎದುರಿಗೇ ನಡೆಯಲಿ. ಹತ್ತಿರದಲ್ಲಿ ಊದುಬತ್ತಿ ಕೂಡ ಇರಬಾರದು. ಕೆಲಸ ಮುಗಿದ ಕೂಡಲೇ ಡಬ್ಬಿಯ ಮುಚ್ಚಳ ಬಿಗಿಯಾಗಲಿ, ಡಬ್ಬಿ ದೊಡ್ಡವರ ಕಪಾಟಿಗೆ ಸೇರಲಿ.

'ಥರ್ಮೋಕೋಲ್ ಸಾಲದೆ ಸರ್?' ಎಂದು ಕೆಲವರು ಕೇಳಬಹುದು. ಅದು ಇನ್ನೂ ಹಗುರ. ಅದರಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಗಾಳಿ. ಆದರೆ ಈ ರಬ್ಬರ್ ಅಂಟು ತಗುಲಿದರೆ ಥರ್ಮೋಕೋಲ್ ಮಂಜಿನಂತೆ ಕುಸಿದುಹೋಗುತ್ತದೆ. ಥರ್ಮೋಕೋಲಿನ ಪಾಲಿಸ್ಟೈರೀನ್ ಮತ್ತು ಟಾಲ್ವೀನ್ ಒಂದೇ ಸ್ವಭಾವದ ಅಣುಗಳಾದ್ದರಿಂದ ಒಂದರಲ್ಲಿ ಒಂದು ಬೆರೆತು ಕರಗುತ್ತವೆ. ಅದಕ್ಕೆ ನೀರಿನ ಆಧಾರದ ಬಿಳಿ ಅಂಟೇ ಆಗಬೇಕು. ಹೊಡೆತಕ್ಕೆ ಥರ್ಮೋಕೋಲ್ ಮುರಿದು ರಂಗದ ತುಂಬ ಬಿಳಿ ಕಾಳು ಚೆಲ್ಲುತ್ತದೆ ಎಂಬುದು ಇನ್ನೊಂದು ತೊಂದರೆ. ಜೊತೆಗೆ, ಅಲಂಕಾರದ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ ಎಂಬುದೂ ನೆನಪಿರಲಿ. ಇವಿಎ ಕೂಡ ಮಣ್ಣಿನಲ್ಲಿ ಕೊಳೆಯುವುದಿಲ್ಲ. ಉಳಿದ ಚೂರುಗಳನ್ನು ಒಂದು ಚೀಲದಲ್ಲಿ ತೆಗೆದಿಡಿ. ಗದೆಯ ಮೇಲಿನ ಹೂಬಳ್ಳಿ, ಮಣಿಸಾಲುಗಳೆಲ್ಲ ಅದರಿಂದಲೇ ಆಗುತ್ತವೆ.

ಹಿಡಿಗೆ ವೈರಿಂಗಿನ ಪಿವಿಸಿ ಪೈಪು, ಸುಮಾರು 70 ಸೆಂ.ಮೀ. ಉದ್ದ. ಇಲ್ಲಿ ಒಂದು ಎಚ್ಚರಿಕೆ. ಪೈಪನ್ನು ಗೋಳದ ನೆತ್ತಿಯವರೆಗೂ ತೂರಿಸಬೇಡಿ. ಆಗ ಮೆತ್ತನೆಯ ಗದೆಯ ತುದಿಯಲ್ಲಿ ಗಟ್ಟಿ ಕೊಳವೆ ಅಡಗಿ ಕುಳಿತಂತಾಗುತ್ತದೆ. ಗೋಳದ ನಡುಮಟ್ಟದಲ್ಲಿ ಒಂದು ಫೋಮ್ ತಟ್ಟೆಯನ್ನು ಒಳಗೆ ಅಂಟಿಸಿ ಪೈಪನ್ನು ಅಲ್ಲಿಗೇ ನಿಲ್ಲಿಸಿ. ಪೈಪಿನ ಎರಡೂ ತುದಿಗೆ ಫೋಮಿನ ಬಿರಡೆ ಹಾಕಿ, ಉದ್ದಕ್ಕೂ ಒಂದು ಸುತ್ತು ತೆಳು ಫೋಮ್ ಸುತ್ತಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಗದಾಯುದ್ಧದ ದೃಶ್ಯಕ್ಕೆ ಪ್ಲೈವುಡ್ಡಿನ ಗದೆಗಳನ್ನು ಮಾಡಿಸಿದ್ದರು. ನೋಡಲು ಬಲು ಚೆನ್ನಾಗಿದ್ದವು. ಚಪ್ಪಾಳೆಯ ಅಬ್ಬರದಲ್ಲಿ ಪುಟ್ಟ ಭೀಮನಿಗೆ ಉತ್ಸಾಹ ಹೆಚ್ಚಾಗಿ ಪುಟ್ಟ ದುರ್ಯೋಧನನ ಹುಬ್ಬು ಒಡೆಯಿತು. ನಾನು ಸಭಿಕರ ಸಾಲಿನಲ್ಲಿದ್ದೆ. ಮೂರು ಹೊಲಿಗೆ ಬಿದ್ದವು. ಅರ್ಧ ಇಂಚು ಕೆಳಗೆ ತಗುಲಿದ್ದರೆ ಕಣ್ಣು. ಭೀಮನ ವೇಷದ ಮಗು ತಿಂಗಳುಗಟ್ಟಲೆ ಆ ಗೆಳೆಯನ ಮುಖ ನೋಡಲು ಅಳುಕುತ್ತಿತ್ತು ಎಂದು ಅವನ ತಂದೆ ಆಮೇಲೆ ಹೇಳಿದರು. ಮಕ್ಕಳಿಬ್ಬರದೂ ತಪ್ಪಲ್ಲ. ತಪ್ಪು ವಸ್ತುವಿನ ಆಯ್ಕೆಯದು.

ಲೆಕ್ಕ ನೋಡಿ. ಒಂದೇ ವೇಗದಲ್ಲಿ ಬೀಸಿದಾಗ ಚಲನಶಕ್ತಿ ದ್ರವ್ಯರಾಶಿಗೆ ಅನುಪಾತದಲ್ಲಿರುತ್ತದೆ. ಎರಡು ಕೆ.ಜಿ. ಮರದ ತಲೆಗೂ ನೂರು ಗ್ರಾಂ ಫೋಮ್ ತಲೆಗೂ ಇಪ್ಪತ್ತು ಪಟ್ಟು ಅಂತರ. ಎರಡನೆಯದಾಗಿ, ಮರ ತಗುಲಿದರೆ ಎರಡು ಮಿ.ಮೀ.ನಲ್ಲಿ ನಿಲ್ಲುತ್ತದೆ ಎನ್ನಿ. ಟೊಳ್ಳು ಫೋಮ್ ಎರಡು ಸೆಂ.ಮೀ. ಒಳಗೆ ಕುಗ್ಗಿ ನಿಲ್ಲುತ್ತದೆ. ಅದೇ ಶಕ್ತಿ ಹತ್ತು ಪಟ್ಟು ದೂರದಲ್ಲಿ ವ್ಯಯವಾದರೆ ಸರಾಸರಿ ಬಲ ಹತ್ತನೇ ಒಂದು. ಇಪ್ಪತ್ತು ಮತ್ತು ಹತ್ತನ್ನು ಗುಣಿಸಿದರೆ ಬಲ ಇನ್ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಹೆಲ್ಮೆಟ್ಟಿನೊಳಗಿನ ಫೋಮ್ ತಲೆ ಕಾಯುವುದೂ ಇದೇ ಎರಡನೆಯ ತತ್ತ್ವದಿಂದ. ಹಾಗೆಂದು ಫೋಮ್ ಗದೆಯಿಂದ ಮುಖಕ್ಕೆ ಹೊಡೆಯಬಹುದೆಂದಲ್ಲ. ಹೊಡೆತ ಭುಜದ ಕೆಳಗೇ ಇರಲಿ ಎಂಬುದು ಅಭ್ಯಾಸದ ಮೊದಲ ದಿನದಿಂದಲೇ ನಿಯಮವಾಗಬೇಕು.

ಇನ್ನು ಬಣ್ಣ. ಫೋಮಿನ ಸೂಕ್ಷ್ಮ ರಂಧ್ರಗಳು ಬಣ್ಣ ಕುಡಿಯುತ್ತವೆ. ಆದ್ದರಿಂದ ಬಿಳಿ ಅಂಟಿಗೆ ಸ್ವಲ್ಪ ನೀರು ಬೆರೆಸಿ ಮೂರು ನಾಲ್ಕು ಸಲ, ಪ್ರತಿ ಸಲವೂ ಒಣಗಲು ಬಿಟ್ಟು, ಬಳಿಯಿರಿ. ಮೇಲೆ ಪೂರ್ತಿ ಕಪ್ಪು ಅಕ್ರಿಲಿಕ್. 'ಬಂಗಾರದ ಗದೆಗೆ ಕಪ್ಪೇಕೆ?' ಎನ್ನಬೇಡಿ. ಅಜ್ಜಿಯ ಕಾಲದ ಹಿತ್ತಾಳೆ ದೀಪವನ್ನು ನೋಡಿ. ಉಬ್ಬಿದ ಕಡೆ ಹೊಳಪು, ಕೆತ್ತನೆಯ ಸಂದಿನಲ್ಲಿ ಕಪ್ಪು. ನಮ್ಮ ಕಣ್ಣು ಲೋಹವನ್ನು ಗುರುತಿಸುವುದು ಈ ಬೆಳಕು ನೆರಳಿನ ತೀವ್ರ ವ್ಯತ್ಯಾಸದಿಂದ. ಕುಂಚಕ್ಕೆ ಚಿನ್ನದ ಬಣ್ಣ ತಾಗಿಸಿ, ಹಳೆ ಬಟ್ಟೆಗೆ ಬಹುಪಾಲು ಒರೆಸಿ, ಒಣ ಕುಂಚವನ್ನೇ ಉಬ್ಬುಗಳ ಮೇಲೆ ಸವರಿ. ಸಂದಿನಲ್ಲಿ ಕಪ್ಪು ಉಳಿದು, ಫೋಮ್ ಇದ್ದಕ್ಕಿದ್ದಂತೆ ಎರಕದ ಲೋಹವಾಗುತ್ತದೆ.

ಕೊನೆಯ ಅಲಂಕಾರ ನಟನದು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಡಾ. ರಾಜ್‌ಕುಮಾರ್ ಅವರ ಹಿರಣ್ಯಕಶಿಪುವನ್ನು ಮಕ್ಕಳಿಗೆ ತೋರಿಸಿ. ಆ ಗದೆ ಭಾರವೆಂದು ನಾವು ನಂಬುವುದು ಅವರ ಭುಜ, ನಡಿಗೆಗಳಿಂದ. ಭಾರವಾದ ವಸ್ತು ಥಟ್ಟನೆ ಹೊರಡುವುದಿಲ್ಲ, ಥಟ್ಟನೆ ನಿಲ್ಲುವುದೂ ಇಲ್ಲ; ಅದೇ ಜಡತ್ವ. ಅದನ್ನು ಹೊತ್ತವನ ಗುರುತ್ವ ಕೇಂದ್ರ ಪಾದಗಳ ಮೇಲೇ ಉಳಿಯಬೇಕಾದರೆ ಮೈ ಎದುರು ದಿಕ್ಕಿಗೆ ವಾಲಬೇಕು. ಒಂದು ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ನಡೆದು ನೋಡಿ. ಅದೇ ನಡಿಗೆಯನ್ನು ನೂರು ಗ್ರಾಂ ಗದೆಗೆ ತಂದುಕೊಂಡರೆ ಸಭೆ ಮೋಸ ಹೋಗುತ್ತದೆ, ಸಂತೋಷದಿಂದ.

ಪೋಷಕರಿಗೆ ಎರಡು ಮಾತು. ನಮ್ಮ ಬಡಾವಣೆಗಳ ಸ್ಟೇಷನರಿ ಅಂಗಡಿಗಳಲ್ಲಿ ಈಗ ಸಿದ್ಧ 'ಪ್ರಾಜೆಕ್ಟ್'ಗಳು ಸಿಗುತ್ತವೆ. ಜ್ವಾಲಾಮುಖಿ, ಮಳೆನೀರಿನ ಕೊಯ್ಲು, ಸೌರವ್ಯೂಹ, ಏನು ಬೇಕಾದರೂ. ಸಲ್ಲಿಸುವ ಹಿಂದಿನ ದಿನ ದುಡ್ಡು ಕೊಟ್ಟು ತಂದರೆ ಆಯಿತು. 'ಇದರೊಳಗೆ ಏನಿದೆ ಮಗು?' ಎಂದು ಕೇಳಿದರೆ ತಂದ ಮಗುವಿಗೆ ಗೊತ್ತಿರುವುದಿಲ್ಲ. ನೆಲ ನೋಡುತ್ತಾ ನಿಲ್ಲುತ್ತದೆ. ಆ ಮೌನ ಮೇಷ್ಟರಾದವರಿಗೆ ತುಂಬ ಕಷ್ಟ ಕೊಡುತ್ತದೆ. ಅಂಕವೇನೋ ಬರುತ್ತದೆ. ಆದರೆ ಕೈಗೆ ಕೆಲಸ ಗೊತ್ತಿಲ್ಲದೆ, ಬಾಯಿಗೆ ಉತ್ತರ ಗೊತ್ತಿಲ್ಲದೆ ಬೆಳೆದ ಮಗು ಮುಂದೆ ಎಂಜಿನಿಯರಾದರೂ ತನ್ನ ಮೇಲೆ ತನಗೆ ನಂಬಿಕೆಯಿಲ್ಲದೆ ಉಳಿಯುತ್ತದೆ. ಅದಕ್ಕೆ ಹೋಲಿಸಿದರೆ ರಜಾ ದಿನ ಫೋಮ್ ಕತ್ತರಿಸುವ ಹುಡುಗ ಎಷ್ಟೋ ವಾಸಿ. ಅವನ ಕೈಯಿಂದ ಕಟರ್ ಕಿತ್ತುಕೊಳ್ಳುವ ಬದಲು ಅವನ ಪಕ್ಕ ಅರ್ಧ ಗಂಟೆ ಕೂತು ಕೊಸೈನ್ ಲೆಕ್ಕ ಕೇಳಿ. ಓದಿಗೂ ಕೆಲಸಕ್ಕೂ ವೇಳೆ ಗೊತ್ತು ಮಾಡಿ. ಪರೀಕ್ಷೆಯ ತಿಂಗಳಲ್ಲಿ ಗದೆ ಅಟ್ಟದ ಮೇಲಿರಲಿ.

ಒಂದನ್ನು ಮಾತ್ರ ಖಂಡಿತವಾಗಿ ಬೇಡವೆನ್ನಿ. ನಿಜವಾದ ಬಂದೂಕು, ಪಿಸ್ತೂಲಿನಂತೆ ಕಾಣುವ ಮಾದರಿಯನ್ನು ಮಾಡಿ ಬೀದಿಗೆ ತರುವುದು ಅಪಾಯ. ನೋಡಿದವರು ಅದು ಫೋಮೋ ಉಕ್ಕೋ ಎಂದು ಮುಟ್ಟಿ ನೋಡಲು ಬರುವುದಿಲ್ಲ, ಹೆದರುತ್ತಾರೆ. ಗದೆಯನ್ನಾದರೂ ಬಸ್ಸಿನಲ್ಲಿ, ಮೆಟ್ರೊದಲ್ಲಿ ಒಯ್ಯುವಾಗ ಚೀಲದಲ್ಲಿ ಸುತ್ತಿ, ದೊಡ್ಡವರ ಜೊತೆಯಲ್ಲಿ ಒಯ್ಯಲಿ.

ಈ ವಾರದ ಪ್ರಶ್ನೆ ಮಕ್ಕಳಿಗೆ. ಘಟೋತ್ಕಚನಿಗೆ ಭೀಮನದಕ್ಕಿಂತ ದೊಡ್ಡ ಗದೆ ಬೇಕಂತೆ: ವ್ಯಾಸ 24ರ ಬದಲು 48 ಸೆಂ.ಮೀ. ಹಾಳೆಯ ದಪ್ಪ ಮೊದಲಿನಷ್ಟೇ. ಟೊಳ್ಳು ಫೋಮ್ ಗದೆಯ ತೂಕ ಸುಮಾರು ಎಷ್ಟು ಪಟ್ಟಾಗುತ್ತದೆ? ಗಟ್ಟಿ ಕಬ್ಬಿಣದ್ದಾಗಿದ್ದರೆ ಎಷ್ಟು ಪಟ್ಟು? ಎರಡೂ ಉತ್ತರ ಒಂದೇ ಅಲ್ಲ ಎಂಬ ಸುಳಿವು ಕೊಟ್ಟಿದ್ದೇನೆ. ಏಕಲ್ಲ ಎಂಬುದನ್ನು ಮನೆಯ ದೊಡ್ಡವರಿಗೆ ವಿವರಿಸಿ ಹೇಳಿ. ಉತ್ತರ ಮುಂದಿನ ವಾರ.